ಲ್ಯಾಮಿನೇಟ್ ನೆಲ ಹಾಳಾದಾಗ ಮನೆಯಲ್ಲೇ ಸರಿಪಡಿಸುವ ಬಗೆ

ಬೆಂಗಳೂರಿನ ಅನೇಕ ಫ್ಲಾಟುಗಳ ಮಲಗುವ ಕೋಣೆಗಳಲ್ಲಿ ಕಾಣುವ ಲ್ಯಾಮಿನೇಟ್ ನೆಲವು ನೋಡಲು ಮರದಂತಿದ್ದರೂ, ಮರದ ನಾರನ್ನು ಒತ್ತಿ ತಯಾರಿಸಿದ ಎಚ್‌ಡಿಎಫ್ ಹಲಗೆ, ಅದರ ಮೇಲೆ ಮರದ ಚಿತ್ರವಿರುವ ಕಾಗದ, ಅದನ್ನು ಕಾಯುವ ತೆಳುವಾದ ಗಟ್ಟಿ ಪದರ, ಇಷ್ಟೇ ಅದರ ರಚನೆ. ಹೀಗಾಗಿ ಗೀರು ಬಿದ್ದಿತೆಂದು ಸ್ಯಾಂಡ್‌ಪೇಪರಿನಿಂದ ಉಜ್ಜಿ ಪಾಲಿಶ್ ಮಾಡಲು ಬರುವುದಿಲ್ಲ; ಉಜ್ಜಿದರೆ ಚಿತ್ರವೇ ಅಳಿಸಿಹೋಗುತ್ತದೆ.

ಕೈಗೆ ಸಲಕರಣೆ ಎತ್ತಿಕೊಳ್ಳುವ ಮೊದಲು ಹಾನಿಗೆ ಕಾರಣವೇನೆಂದು ಪತ್ತೆ ಮಾಡಬೇಕು, ಮತ್ತು ನಮ್ಮ ಊರಿನಲ್ಲಿ ಆ ಕಾರಣ ಬಹುಪಾಲು ನೀರೇ ಆಗಿರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಜೋರುಮಳೆಯಲ್ಲಿ ಬಾಲ್ಕನಿಯ ಜಾರುಬಾಗಿಲಿನ ಹಳಿ ತುಂಬಿ ಒಳಗೆ ಹರಿಯುವ ನೀರು, ಬಚ್ಚಲಿನ ಹೊಸ್ತಿಲು, ಎ.ಸಿ.ಯ ನೀರು ಹೋಗುವ ಕಟ್ಟಿಕೊಂಡ ಪೈಪು, ಇವುಗಳನ್ನು ಮೊದಲು ನೋಡಿ. ಹಲಗೆಗಳು ಕೂಡುವ ಅಂಚಿನ ಮೇಲೆ ಬೆರಳಾಡಿಸಿದಾಗ ಸಣ್ಣ ಏಣಿನಂತೆ ಎದ್ದಿದ್ದರೆ ಒಳಗಿನ ಹಲಗೆ ನೀರು ಕುಡಿದು ಉಬ್ಬಿದೆಯೆಂದು ಅರ್ಥ. ಹೀಗೆ ಉಬ್ಬಿದ್ದು ಒಣಗಿದ ಮೇಲೂ ಮೊದಲಿನಂತೆ ಕೂರುವುದಿಲ್ಲ, ಆದ್ದರಿಂದ ಅದಕ್ಕೆ ಪುಟ್ಟಿ ಮೆತ್ತುವುದು ವ್ಯರ್ಥ, ಹಲಗೆಯನ್ನೇ ಬದಲಿಸಬೇಕು. ಸೋರಿಕೆ ನಿಲ್ಲಿಸದೆ ಬದಲಿಸಿದರೆ ಹೊಸ ಹಲಗೆಗೂ ಅದೇ ಗತಿ.

ಗೀರುಗಳ ಕೆಲಸ ಸುಲಭ. ಜಾಗವನ್ನು ಒರೆಸಿ ಚೆನ್ನಾಗಿ ಒಣಗಿಸಿ, ನೆಲದ ಬಣ್ಣಕ್ಕೆ ಹೊಂದುವ ಮೇಣದ ಕಡ್ಡಿಯನ್ನು ಗೀರಿಗೆ ಅಡ್ಡಲಾಗಿ ಉಜ್ಜಿ ತುಂಬಿ, ಹೆಚ್ಚಾದುದನ್ನು ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಹೆರೆದು ತೆಗೆಯಿರಿ. ಒಂದೇ ಬಣ್ಣದಿಂದ ತುಂಬಿದ ಜಾಗ ತೇಪೆಯಂತೆ ಎದ್ದು ಕಾಣುವುದರಿಂದ, ತುಸು ತಿಳಿಯಾದ ಮತ್ತು ತುಸು ಗಾಢವಾದ ಎರಡು ಕಡ್ಡಿಗಳನ್ನು ಬೆರೆಸುವುದು ಮೇಲು.

ಮಾರ್ಚ್, ಏಪ್ರಿಲ್‌ನ ಒಣಹವೆಯಲ್ಲಿ ಹಲಗೆಗಳ ತುದಿಗಳ ನಡುವೆ ಬಿರುಕು ಬಿಡುವುದುಂಟು. ಮರದ ತುಂಡೊಂದನ್ನು ಎರಡೂ ಬದಿ ಅಂಟುವ ಟೇಪಿನಿಂದ ಹಲಗೆಯ ಮೇಲೆ ಗಟ್ಟಿಯಾಗಿ ಅಂಟಿಸಿ, ಆ ತುಂಡಿಗೆ ರಬ್ಬರ್ ಸುತ್ತಿಗೆಯಿಂದ ಪಕ್ಕದಿಂದ ಮೆಲ್ಲನೆ ತಟ್ಟಿದರೆ ಹಲಗೆ ಸರಿದು ಕೂಡಿಕೊಳ್ಳುತ್ತದೆ. ನೀರಿನ ಗುರುತಿಲ್ಲದೆ ಕೋಣೆಯ ನಡುವೆ ನೆಲವೇ ಗುಡ್ಡದಂತೆ ಎದ್ದಿದ್ದರೆ, ಗೋಡೆಯ ಬುಡದ ಪಟ್ಟಿ, ಅಂದರೆ ಸ್ಕರ್ಟಿಂಗ್, ಬಿಚ್ಚಿ ಗೋಡೆಯ ಬದಿ ನೋಡಿ: ಅಲ್ಲಿ ಹಿಗ್ಗಲು 8ರಿಂದ 10 ಮಿ.ಮೀ. ಜಾಗ ಬಿಟ್ಟಿರಬೇಕು. ಇಲ್ಲದಿದ್ದರೆ ಅಂಚನ್ನು ಅಷ್ಟು ಕತ್ತರಿಸಿದರೆ ನೆಲ ಕೆಲವು ದಿನಗಳಲ್ಲಿ ತಾನಾಗಿ ಕೆಳಗೆ ಕೂರುತ್ತದೆ.

ಬದಲಿಸಬೇಕಾದ ಹಲಗೆ ಗೋಡೆಗೆ ಹತ್ತಿರವಿದ್ದರೆ, ಗೋಡೆಯ ಕಡೆಯಿಂದ ಸಾಲಾಗಿ ಹಲಗೆಗಳನ್ನು ಓರೆಯಾಗಿ ಎತ್ತಿ ಬಿಡಿಸಿ, ಹಾಳಾದುದನ್ನು ಬದಲಿಸಿ, ತೆಗೆದದ್ದರ ಹಿಮ್ಮುಖ ಕ್ರಮದಲ್ಲಿ ಮರಳಿ ಜೋಡಿಸಬಹುದು. ತೆಗೆಯುವಾಗಲೇ ಪ್ರತಿ ಹಲಗೆಯ ಹಿಂಬದಿಗೆ ಪೆನ್ಸಿಲಿನಿಂದ ಸಂಖ್ಯೆ ಬರೆದಿಡಿ. ಕೋಣೆಯ ನಡುವಿನ ಹಲಗೆಗೆ ಮಾತ್ರ ತಾಳ್ಮೆ ಬೇಕು. ಹಲಗೆಯ ಅಂಚುಗಳಿಂದ ಸುಮಾರು 4 ಸೆಂ.ಮೀ. ಒಳಗೆ ಒಂದು ಆಯತ ಗುರುತಿಸಿ, ಮೂಲೆಗಳಲ್ಲಿ ಡ್ರಿಲ್‌ನಿಂದ ತೂತು ಕೊರೆದು, ಮರ ಕೊಯ್ಯುವ ಕೈಯಂತ್ರದ ಬ್ಲೇಡಿನ ಆಳವನ್ನು ಹಲಗೆಯ ದಪ್ಪಕ್ಕೆ, ಅಂದರೆ ಸಾಮಾನ್ಯವಾಗಿ 8 ಅಥವಾ 12 ಮಿ.ಮೀ.ಗೆ, ಸರಿಯಾಗಿ ಹೊಂದಿಸಿಕೊಂಡು ಕೊಯ್ಯಬೇಕು. ಆಳ ಹೆಚ್ಚಾದರೆ ಕೆಳಗಿನ ಫೋಮ್ ಹಾಳೆ ಹರಿಯುತ್ತದೆ. ಕೊಯ್ಯುವಾಗ ಏಳುವ ಪುಡಿ ಬಹಳ ನುಣ್ಣನೆಯದು, ಆದ್ದರಿಂದ ಮಾಸ್ಕ್ ಮತ್ತು ಕನ್ನಡಕವಿಲ್ಲದೆ ಕೆಲಸ ಬೇಡ. ನಡುವಿನ ತುಂಡು ತೆಗೆದ ಮೇಲೆ ತೂತುಗಳಿಂದ ಹಲಗೆಯ ಮೂಲೆಗಳವರೆಗೆ ಕೊಯ್ದು, ಉಳಿದ ಪಟ್ಟಿಗಳನ್ನು ಪಕ್ಕದ ಹಲಗೆಗಳ ಅಂಚು ಮುರಿಯದಂತೆ ಒಳಮುಖವಾಗಿ ಎಳೆದು ತೆಗೆಯಿರಿ.

ಕೆಳಗೆ ತೇವವಿದೆಯೆಂಬ ಶಂಕೆಯಿದ್ದರೆ, ಫೋಮ್ ಸರಿಸಿ ಕಾಂಕ್ರೀಟಿನ ಮೇಲೆ ಪಾಲಿಥಿನ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ 24 ಗಂಟೆ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದ್ದರೆ ನೆಲ ಇನ್ನೂ ಒಣಗಿಲ್ಲ. ಎಷ್ಟೇ ಅವಸರವಿದ್ದರೂ ಆಗ ಮುಚ್ಚಬೇಡಿ.

ಹಲಗೆಗಳು ಒಂದರ ನಾಲಿಗೆ, ಅಂದರೆ ಚಾಚಿದ ಅಂಚು, ಇನ್ನೊಂದರ ತೋಡಿಗೆ ಸೇರಿ ಕೂಡಿಕೊಳ್ಳುತ್ತವೆ. ಹೊಸ ಹಲಗೆಯ ತೋಡಿನ ಕೆಳತುಟಿಯನ್ನು ಉದ್ದದ ಬದಿಯಲ್ಲೂ ಅಗಲದ ಬದಿಯಲ್ಲೂ ಕತ್ತರಿಸಿ ತೆಗೆದರೆ, ಆ ಬದಿಗಳು ಮೇಲಿನಿಂದ ಇಳಿಯುತ್ತವೆ. ಕೂಡುವ ಅಂಚುಗಳಿಗೆ ನೀರು ತಡೆಯುವ ಮರದ ಅಂಟು ಹಚ್ಚಿ, ನಾಲಿಗೆಯಿರುವ ಬದಿಯನ್ನು ಓರೆಯಾಗಿ ತೂರಿಸಿ ಹಲಗೆಯನ್ನು ಕೂರಿಸಿ, ಮೇಲೆ ಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಕೂಡಲೇ ಒರೆಸಿ, ಮೇಲೆ ತೂಕ ಹೇರಿ ಒಂದು ದಿನ ಬಿಡಿ.

ಇದಕ್ಕೆಲ್ಲ ಅದೇ ವಿನ್ಯಾಸದ, ಅದೇ ದಪ್ಪದ, ಅದೇ ಲಾಕಿನ, ಅಂದರೆ ಅಂಚು ಕೂಡುವ ಬಗೆಯ, ಹಲಗೆ ಕೈಯಲ್ಲಿರಬೇಕು. ಮಿಕ್ಕ ಹಲಗೆಗಳು ಸಜ್ಜೆಯ ಮೇಲೆ ಇಲ್ಲದಿದ್ದರೆ, ತೆಗೆದ ತುಂಡನ್ನೇ ಹಿಡಿದು ಅಂಗಡಿಗೆ ಹೋಗಿ ಹೋಲಿಸಿ. ಅಲ್ಲಿಯೂ ಸಿಗದಿದ್ದರೆ, ಮಂಚದ ಕೆಳಗಿನ ಅಥವಾ ಬೀರುವಿನ ಮೂಲೆಯ ಹಲಗೆಯೊಂದನ್ನು ಕಣ್ಣಿಗೆ ಬೀಳುವ ಜಾಗಕ್ಕೆ ತಂದು, ಬೇರೆ ಬಗೆಯದನ್ನು, ದಪ್ಪ ಮತ್ತು ಲಾಕ್ ಹೊಂದುವಂತಿದ್ದರೆ, ಮರೆಯಲ್ಲಿ ಹಾಕಬಹುದು.