ಕಕ್ಕಡದ ಮಳೆಯಲ್ಲಿ ಗೊನೋರಿಯಾ ಕಲ್ಚರ್

ಪಿಸಿಆರ್ (ರೋಗಾಣುವಿನ ಡಿಎನ್‌ಎ ಹುಡುಕುವ) ಯಂತ್ರ ಇಲ್ಲದ ಲ್ಯಾಬ್‌ನಲ್ಲಿ, ಲೈಂಗಿಕವಾಗಿ ಹರಡುವ ಗೊನೋರಿಯಾ ರೋಗ ಹಿಡಿಯಲು ನಾವು ನೆಚ್ಚಿಕೊಂಡಿರುವುದು ಗ್ರಾಂ ಸ್ಟೇನ್ (ಸ್ಲೈಡ್ ಮೇಲೆ ಸವರಿದ ಮಾದರಿಗೆ, ಅಂದರೆ ಸ್ಮಿಯರ್‌ಗೆ, ಬಣ್ಣ ಹಾಕಿ ನೋಡುವುದು) ಮತ್ತು ಕಲ್ಚರ್ (ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವುದು). ಕೀವು ಸೋರುವ ಗಂಡಸರಲ್ಲಿ ಸ್ಮಿಯರ್ ಒಂದೇ 100ಕ್ಕೆ 95 ಕೇಸು ಹಿಡಿಯುತ್ತದೆ. ಹೆಂಗಸರ ಗರ್ಭಕೊರಳಿನ ಸ್ಮಿಯರ್‌ನಲ್ಲಿ ಸುಮಾರು ಅರ್ಧ ತಪ್ಪಿಹೋಗುತ್ತವೆ. ಹಾಗಾಗಿ ಅವರಿಗೆ ಬರೀ ಸ್ಮಿಯರ್ ನೋಡಿ ನೆಗೆಟಿವ್ ಬರೆಯುವುದಿಲ್ಲ, ಕಲ್ಚರ್ ಹಾಕುತ್ತೇವೆ.

ಸ್ವಾಬನ್ನು (ಮಾದರಿ ತೆಗೆದ ಕಡ್ಡಿ) ಸ್ಲೈಡ್ ಮೇಲೆ ಉರುಳಿಸಬೇಕು. ಉಜ್ಜಿದರೆ ಬಿಳಿ ರಕ್ತಕಣ ಒಡೆದು, ಜೋಡಿ ಕಾಕೈ (ಗೊನೋರಿಯಾದ ದುಂಡನೆಯ ಬ್ಯಾಕ್ಟೀರಿಯಾ) ಕಣದ ಒಳಗಿತ್ತೋ ಹೊರಗಿತ್ತೋ ತಿಳಿಯದು. ಕಕ್ಕಡದಲ್ಲಿ (ಕೊಡಗಿನ ಜೋರು ಮಳೆಯ ತಿಂಗಳು, ಜುಲೈ–ಆಗಸ್ಟ್) ಮಡಿಕೇರಿ ಕಡೆ ಸ್ಲೈಡ್ ತಾನಾಗಿ ಒಣಗುವುದೇ ಇಲ್ಲ. ಹಸಿಯಾಗಿಯೇ ಬೆಂಕಿಗೆ ಹಿಡಿದರೆ ಕಣ ಬೆಂದುಹೋಗುತ್ತದೆ. ಟೇಬಲ್ ಲ್ಯಾಂಪಿನ ಕೆಳಗೆ ಒಣಗಿಸಿ, ಆಮೇಲೆ ಬೆಂಕಿಗೆ ಹಿಡಿದು ಫಿಕ್ಸ್ ಮಾಡಿ (ಸ್ಲೈಡಿಗೆ ಅಂಟಿಸಿ). ಕೀವು ದಪ್ಪಗಿದ್ದ ಕಡೆ ಮೊದಲು ಹಾಕಿದ ಬಣ್ಣ ತೊಳೆದಾಗ ಸರಿಯಾಗಿ ಹೋಗದೆ ನೇರಳೆಯಾಗಿಯೇ ಉಳಿಯುತ್ತದೆ. ತೆಳುವಾದ ಅಂಚಿನಲ್ಲಿ, ಆಯಿಲ್ ಇಮ್ಮರ್ಶನ್‌ನಲ್ಲಿ (ಎಣ್ಣೆ ಹನಿ ಹಾಕಿ ನೋಡುವ ಲೆನ್ಸ್) ಗುಲಾಬಿ ಜೋಡಿಗಳನ್ನು ಹುಡುಕಿ.

ಕಲ್ಚರ್ ಕೆಡುವುದು ಹೆಚ್ಚಾಗಿ ದಾರಿಯಲ್ಲಿ. ಹತ್ತಿಯಲ್ಲಿರುವ ಕೊಬ್ಬಿನ ಆಮ್ಲ ಈ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಡೇಕ್ರಾನ್ (ಪಾಲಿಯೆಸ್ಟರ್) ಸ್ವಾಬ್ ಬೇಕು. ವಿರಾಜಪೇಟೆ ಕಡೆಯಿಂದ ಬಸ್ಸಿನಲ್ಲಿ ಬರುವುದಾದರೆ ಚಾರ್ಕೋಲ್ ಏಮೀಸ್ ಮೀಡಿಯಾದಲ್ಲಿ (ಮಾದರಿ ಸಾಗಿಸಲು ಇದ್ದಿಲು ಬೆರೆಸಿದ ಜೆಲ್), ಐಸ್ ಇಲ್ಲದೆ, ಆರು ಗಂಟೆಯೊಳಗೆ ತಲುಪಬೇಕು. ಲಸಿಕೆ ಡಬ್ಬಿಯ ಅಭ್ಯಾಸದಲ್ಲಿ ಐಸ್ ಇಟ್ಟು ಕಳಿಸುವವರೇ ಜಾಸ್ತಿ! ಗೊನೋರಿಯಾ ಬೆಳೆಸುವ ಥೇಯರ್-ಮಾರ್ಟಿನ್ ಪ್ಲೇಟನ್ನೂ ಫ್ರಿಜ್ಜಿನಿಂದ ತೆಗೆದ ಕೂಡಲೇ ಬಳಸಬೇಡಿ, ಅರ್ಧ ಗಂಟೆ ಇನ್‌ಕ್ಯುಬೇಟರ್‌ನಲ್ಲಿ ಬೆಚ್ಚಗಾಗಲಿ.

ಬೆಳೆಯಲು ಬೇಕಾದ ಕಾರ್ಬನ್ ಡೈಆಕ್ಸೈಡ್‌ಗೆ ಕ್ಯಾಂಡಲ್ ಜಾರ್ ಸಾಕು. ಅಗಲ ಬಾಯಿಯ ಜಾರ್, ತಳದಲ್ಲಿ ಒದ್ದೆ ಹತ್ತಿ, ಪ್ಲೇಟುಗಳು ಬೋರಲಾಗಿ, ಮೇಲೆ ಪರಿಮಳವಿಲ್ಲದ ಬಿಳಿ ಮೇಣದಬತ್ತಿ. ಹಚ್ಚಿ, ಮುಚ್ಚಳದ ಅಂಚಿಗೆ ವ್ಯಾಸಲಿನ್ ಸವರಿ ಮುಚ್ಚಿದರೆ ಬತ್ತಿ ತಾನಾಗಿ ಆರುವ ಹೊತ್ತಿಗೆ ಒಳಗೆ ಸುಮಾರು ಶೇ. 3 ಈ ಅನಿಲ ಇರುತ್ತದೆ. ಬಣ್ಣದ, ಸುವಾಸನೆಯ ಬತ್ತಿ ಬೇಡ, ಅದರ ಹೊಗೆ ಬೆಳವಣಿಗೆ ತಡೆಯಬಹುದು. 35–36 ಡಿಗ್ರಿ, 24 ಗಂಟೆಗೊಮ್ಮೆ ನೋಡಿ, 72 ಗಂಟೆಗೂ ಏನೂ ಬೆಳೆಯದಿದ್ದರೆ ಮಾತ್ರ ನೆಗೆಟಿವ್. ಮಳೆಗಾಲದಲ್ಲಿ ಕರೆಂಟ್ ಹೋದರೆ ಇನ್‌ಕ್ಯುಬೇಟರ್ ಬಾಗಿಲು ತೆರೆಯದಿರುವುದೇ ಉಪಾಯ.

ಬೂದು ಬಣ್ಣದ, ಹೊಳೆಯುವ ಚಿಕ್ಕ ಕಾಲೊನಿ (ಬ್ಯಾಕ್ಟೀರಿಯಾ ಗುಂಪು) ಸಿಕ್ಕರೆ ಆಕ್ಸಿಡೇಸ್ ಪರೀಕ್ಷೆ (ರಾಸಾಯನಿಕಕ್ಕೆ ಸವರಿ ಬಣ್ಣ ನೋಡುವುದು) ಮಾಡಿ. ಅದನ್ನು ಎತ್ತಲು ನಿಕ್ರೋಮ್ ಲೂಪ್ (ತಂತಿಯ ಕುಣಿಕೆ) ಬೇಡ, ಸುಳ್ಳು ಪಾಸಿಟಿವ್ ಕೊಡುತ್ತದೆ. ಮರದ ಕಡ್ಡಿ ಸಾಕು. ಹತ್ತು ಸೆಕೆಂಡಿನೊಳಗೆ ನೇರಳೆಯಾಗಬೇಕು. ಆದರೆ ಅದೇ ನೈಸೀರಿಯಾ ಕುಲದ ಬೇರೆ ಬ್ಯಾಕ್ಟೀರಿಯಾಗಳೂ ಆಕ್ಸಿಡೇಸ್ ಪಾಸಿಟಿವ್. ಸಕ್ಕರೆಗಳಲ್ಲಿ ಗ್ಲೂಕೋಸ್ ಮಾತ್ರ ಹುಳಿ ಮಾಡಿ ಮಾಲ್ಟೋಸ್, ಸುಕ್ರೋಸ್ ಬಿಟ್ಟರೆ ಅದು ಗೊನೋಕಾಕೈ, ಅಂದರೆ ಗೊನೋರಿಯಾದ ಬ್ಯಾಕ್ಟೀರಿಯಾ.

ಪಿಸಿಆರ್‌ಗೆ ಹೊರಗೆ ಕಳಿಸುವಾಗ ಗಂಡಸರ ಮೂತ್ರದ ಮೊದಲ ಸುಮಾರು 20 ಮಿ.ಲೀ. ಬೇಕು, ಅದಕ್ಕೆ ಮುಂಚೆ ಒಂದು ಗಂಟೆ ಮೂತ್ರ ಮಾಡಿರಬಾರದು. ರೂಢಿಯಂತೆ ಮಧ್ಯದ ಧಾರೆ ಹಿಡಿದರೆ ಬ್ಯಾಕ್ಟೀರಿಯಾ ಮೊದಲ ಧಾರೆಯಲ್ಲೇ ಕೊಚ್ಚಿಹೋಗಿರುತ್ತದೆ.