ಕೋಡಿಬೆಂಗ್ರೆ ಅಳಿವೆಯಲ್ಲಿ ಲೈಫ್ ಜಾಕೆಟ್ ಪರೀಕ್ಷೆ

ಕಡಲಿಗೆ ಇಳಿಯಬೇಕೆನ್ನುವವರು ನನ್ನಲ್ಲಿ ಮೊದಲು ಕೇಳುವುದು ಯಾವ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರುದೋಣಿ) ತಗೊಳ್ಳಲಿ ಎಂದು. ನಾನು ಮಾತನ್ನು ಜಾಕೆಟಿಗೆ ತಿರುಗಿಸುತ್ತೇನೆ. ಮಗುಚಿದ ಮೇಲೆ ಮೈಮೇಲಿದ್ದದ್ದು ಮಾತ್ರ ನಿಮ್ಮದು, ಉಳಿದದ್ದು ಗಾಳಿಯ ಪಾಲು.

ಪ್ರವಾಸಿ ಬೋಟುಗಳಲ್ಲಿ ಕೊಡುವ ದಪ್ಪ ಕಿತ್ತಳೆ ಜಾಕೆಟ್ ಹುಟ್ಟು ಹಾಕುವವರಿಗೆ ಆಗಿಬರುವುದಿಲ್ಲ. ಕಂಕುಳು ಉಜ್ಜಿ ಕೆಂಪಾಗುತ್ತದೆ, ಜನ ಬಿಚ್ಚಿ ಹಿಂದೆ ಕಟ್ಟಿಕೊಳ್ಳುತ್ತಾರೆ. ತೆರೆಗಳ ನಡುವೆ ಅದನ್ನು ಮತ್ತೆ ತೊಡುವುದು ಆಗದ ಮಾತು. ನಾನು ಆರಿಸಿದ್ದು ತೋಳಿನ ಸುತ್ತ ಅಗಲವಾಗಿ ಕತ್ತರಿಸಿದ ಕಯಾಕಿಂಗ್ ಜಾಕೆಟ್. ಒಳಗಿನ ಚೀಟಿಯಲ್ಲಿ 50 ನ್ಯೂಟನ್ ಎಂದಿದೆ, ಅಂದರೆ ನೀರಿನಲ್ಲಿ ಸುಮಾರು 5 ಕಿಲೋ ಭಾರ ಎತ್ತಿಹಿಡಿಯುವ ಶಕ್ತಿ. ದೇಹದ ಬಹುಪಾಲು ತೂಕವನ್ನು ನೀರೇ ಹೊರುವುದರಿಂದ ಈಜು ಬಲ್ಲವರಿಗೆ ಇಷ್ಟು ಸಾಕು. ಪ್ರಜ್ಞೆ ತಪ್ಪಿದವರ ಮುಖವನ್ನು ಇದು ಮೇಲಕ್ಕೆ ತಿರುಗಿಸುವುದಿಲ್ಲ. ಹಾಗಾಗಿ ತೆರೆ ಒಡೆಯುವಲ್ಲಿ ಹೆಲ್ಮೆಟ್ ಬೇಕೇ ಬೇಕು, ಒಬ್ಬನೇ ಹೋಗುವುದಂತೂ ಇಲ್ಲ.

ಮೊದಲ ಪರೀಕ್ಷೆ ಮನೆಯ ನೀರಿನ ತೊಟ್ಟಿಯಲ್ಲಿ. 5 ಕಿಲೋ ಕಬ್ಬಿಣದ ತೂಕದ ಬಟ್ಟು ಕಟ್ಟಿ ಇಡೀ ರಾತ್ರಿ ಬಿಟ್ಟೆ. ನೀರೊಳಗೆ ಕಬ್ಬಿಣ ತನ್ನ ತೂಕದಲ್ಲಿ ಎಂಟನೇ ಒಂದು ಭಾಗ ಕಳೆದುಕೊಳ್ಳುತ್ತದೆ. ಉಳಿಯುವ 4.4 ಕಿಲೋಗೇ ಜಾಕೆಟ್ ಮುಳುಗಿದರೆ ಚೀಟಿ ಸುಳ್ಳು, ಇಲ್ಲವೇ ಒಳಗಿನ ತೇಲಿಸುವ ಫೋಮ್ ಸತ್ತಿದೆ. ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಇದನ್ನು ಮಾಡುತ್ತೇನೆ. ದಯವಿಟ್ಟು ಜಾಕೆಟನ್ನು ದಿಂಬು ಮಾಡಿ ಅದರ ಮೇಲೆ ಕೂರಬೇಡಿ, ಅದುಮಿದ ಫೋಮ್ ಬೇಗ ಸೊರಗುತ್ತದೆ.

ಆಮೇಲೆ ಉಡುಪಿಯ ಸುವರ್ಣಾ ನದಿಯ ಶಾಂತ ನೀರು. ಎದೆಮಟ್ಟ ನೀರಲ್ಲಿ ನಿಂತು, ಭುಜದ ಪಟ್ಟಿ ಹಿಡಿದು ಬಲವಾಗಿ ಮೇಲಕ್ಕೆ ಜಗ್ಗಲು ಗೆಳೆಯನಿಗೆ ಹೇಳಿದೆ. ಪಟ್ಟಿ ಕಿವಿಯವರೆಗೆ ಏರಿದರೆ ಆ ಅಳತೆ ನಿಮ್ಮದಲ್ಲ. ಮುಂದೆ ಜೇಬು ತುಂಬಿಸಿಕೊಂಡೇ ಬೇಕೆಂದು ಮಗುಚಿ, ಮತ್ತೆ ಹತ್ತುವುದು. ಎದೆಯ ಜೇಬು ಉಬ್ಬಿದ್ದರೆ ಹತ್ತುವಾಗ ಕಯಾಕಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಅದು ದಡದಲ್ಲಿ ಗೊತ್ತೇ ಆಗುವುದಿಲ್ಲ. ಪ್ಲಾಸ್ಟಿಕ್ ಚೀಲದೊಳಗಿನ ಫೋನ್ ಕೂಡ ಹಾಗೆಯೇ, ಒದ್ದೆ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ. ಪಕ್ಕದ ಗುಂಡಿ ಒತ್ತಿಯೇ ತುರ್ತು ಕರೆ ಹೋಗುವಂತೆ ಮಾಡಿಟ್ಟೆ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093, ಎರಡೂ ಬಾಯಿಪಾಠ ಇರಲಿ.

ಕೊನೆಗೆ ಅಳಿವೆ. ಕೋಡಿಬೆಂಗ್ರೆಯಲ್ಲಿ ಸುವರ್ಣಾ, ಸೀತಾ ಎರಡೂ ಕಡಲು ಸೇರುತ್ತವೆ. ಇಳಿತದ ಹೊತ್ತಿಗೆ ಹೊರಗೆ ನುಗ್ಗುವ ನೀರಿಗೆ ಎದುರಾದ ತೆರೆ ಗೋಡೆಯ ಹಾಗೆ ಎದ್ದು ಒಡೆಯುತ್ತದೆ. "ಇಳಿತಕ್ಕೆ ಅಲ್ಲಿ ಹೋಗುದು ಬೇಡ ಮಾರಾಯ್ರೆ, ಹೊರಗೆ ಎಳ್ಕೊಂಡು ಹೋಗ್ತದೆ" ಎಂದರು ನಾಡದೋಣಿಯ ಹಿರಿಯರೊಬ್ಬರು. ಆದ್ದರಿಂದ ಉಬ್ಬರ ಏರುವಾಗಲೇ ಹೋದೆವು. ಬಿದ್ದರೂ ನೀರು ನದಿಯ ಒಳಕ್ಕೇ ತಳ್ಳುತ್ತದೆ. ಅವರ ದೋಣಿ ಹತ್ತಿರವೇ ನಿಂತಿತ್ತು. ಮೀನುಗಾರಿಕೆ ನಿಷೇಧದ ಜೂನ್, ಜುಲೈಯಲ್ಲಿ ಕಡಲ ಕಡೆ ನಾವು ತಲೆಯೇ ಹಾಕುವುದಿಲ್ಲ, ಎತ್ತಿಕೊಳ್ಳಲು ಯಾಂತ್ರಿಕ ಬೋಟುಗಳೇ ಇರುವುದಿಲ್ಲ.

ಹುಟ್ಟಿಗೆ ಕಟ್ಟುವ ಹಗ್ಗವನ್ನು ಒಡೆಯುವ ತೆರೆಯಲ್ಲಿ ಬಿಚ್ಚಿಬಿಡುತ್ತೇನೆ, ಕಾಲಿಗೋ ಕುತ್ತಿಗೆಗೋ ಸುತ್ತಿಕೊಂಡೀತು. ಸೀಟಿ ಅಲ್ಲಿ ಗಾಳಿಯ ಎದುರು ಸ್ವಲ್ಪ ದೂರಕ್ಕೂ ಕೇಳಲಿಲ್ಲ. ಈಗ ನಮ್ಮ ಗುಂಪಿನಲ್ಲಿ ಹುಟ್ಟನ್ನು ನೆಟ್ಟಗೆ ಎತ್ತಿ ಅಡ್ಡಡ್ಡ ಬೀಸಿದರೆ ಸಹಾಯ ಬೇಕು ಎಂದರ್ಥ. ಕಪ್ಪು ಅಲಗು ನೀರಿನ ಬಣ್ಣದಲ್ಲಿ ಕಾಣಿಸದ್ದರಿಂದ ಎಲ್ಲರ ಹುಟ್ಟಿಗೂ ಹೊಳೆಯುವ ಕಿತ್ತಳೆ ಟೇಪ್ ಸುತ್ತಿದ್ದೇವೆ.