‘ಸೆಟ್’ ಪದಕ್ಕಾಗಿ ನಾನಿಟ್ಟ ನೋಟ್‌ಬುಕ್

ಸುದ್ದಿಮನೆಗೆ ಸೇರಿದ ಮೊದಲ ವರ್ಷದ ಮಾತು. ರಾತ್ರಿ ಪಾಳಿಯಲ್ಲಿ ಏಜೆನ್ಸಿಯ ಇಂಗ್ಲಿಷ್ ಸುದ್ದಿಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಹೈಕೋರ್ಟ್ ಆದೇಶವೊಂದನ್ನು ಸುಪ್ರೀಂ ಕೋರ್ಟ್ ‘ಸೆಟ್ ಅಸೈಡ್’ ಮಾಡಿತ್ತು. ನಾನು ‘ಆದೇಶವನ್ನು ಬದಿಗಿಟ್ಟಿದೆ’ ಎಂದು ಬರೆದೆ. ಮುಖ್ಯ ಉಪಸಂಪಾದಕರು ಕರೆದು, ‘ಏನಮ್ಮಾ, ಆಮೇಲೆ ನೋಡೋಣ ಅಂತ ಪಕ್ಕಕ್ಕಿಟ್ಟಿದ್ದಾರೋ, ಇಲ್ಲಾ ಹೊಡೆದೇ ಹಾಕಿದ್ದಾರೋ?’ ಎಂದು ಕೇಳಿದರು. ಆದೇಶ ರದ್ದಾಗಿತ್ತು. ಹೈಕೋರ್ಟಿನಲ್ಲಿ ಸೋತವರು ದೆಹಲಿಯಲ್ಲಿ ಗೆದ್ದಿದ್ದರು. ನನ್ನ ವಾಕ್ಯದಲ್ಲಿ ಮಾತ್ರ ತೀರ್ಪೇ ಬಂದಿರಲಿಲ್ಲ.

ಅದೇ ವಾರ ಬಜೆಟ್ ಸುದ್ದಿಯಲ್ಲೂ ‘ಸೆಟ್ ಅಸೈಡ್’ ಬಂತು. ಅಲ್ಲಿ ಅದು ಹಣ ಮೀಸಲಿಡುವುದು. ಇಬ್ಬರು ನಾಯಕರು ಭಿನ್ನಾಭಿಪ್ರಾಯವನ್ನು ‘ಸೆಟ್ ಅಸೈಡ್’ ಮಾಡಿ ಕೈಕುಲುಕಿದರು ಎಂಬ ಸುದ್ದಿಯಲ್ಲಿ ಅದು ಮರೆಯುವುದು. ಒಂದೇ ನುಡಿ, ರದ್ದು ಮಾಡುವುದು, ಕಾಪಾಡಿ ಇಡುವುದು, ಮರೆಯುವುದು. ಆ ರಾತ್ರಿಯೇ ಇನ್ನೂರು ಪುಟದ ನೋಟ್‌ಬುಕ್ಕಿನ ಮೊದಲ ಹಾಳೆಯ ಮೇಲೆ ‘ಸೆಟ್’ ಎಂದು ಬರೆದೆ.

1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ಈ ಪದದ್ದೇ: 430 ಅರ್ಥಗಳು, ಸುಮಾರು 60,000 ಪದಗಳ ವಿವರಣೆ. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ ಎಂಬ ಕ್ರಿಯಾಪದ 645 ಅರ್ಥಗಳೊಂದಿಗೆ ಮುಂದೆ ಹೋಯಿತು. ಮೊದಲಿಗೆ ನಾನೂ ನಿಘಂಟಿನಂತೆ ಅರ್ಥಗಳಿಗೆ ನಂಬರ್ ಹಾಕಿಕೊಂಡು ಹೋದೆ. ನಲವತ್ತು ದಾಟುವಷ್ಟರಲ್ಲಿ ಅದು ಪ್ರಯೋಜನವಿಲ್ಲ ಅನ್ನಿಸಿತು. ಬರೆಯುವ ಹೊತ್ತಿನಲ್ಲಿ ಯಾರಿಗೆ ಬೇಕು ಇಪ್ಪತ್ತೇಳನೇ ಅರ್ಥ?

ಹಾಳೆ ಹರಿದು ಬೇರೆ ರೀತಿ ಶುರುಮಾಡಿದೆ. ಅರ್ಥದ ಬದಲು ವಸ್ತುವಿನ ಹೆಸರು ಬರೆದೆ: ಆದೇಶ, ಮೂಳೆ, ಕೋಳಿ, ಸಿಮೆಂಟ್, ಮಾವು. ‘ಸೆಟ್’ ಮೇಲೆ ಬೆರಳಿಟ್ಟು ಮುಚ್ಚಿ, ಆ ವಸ್ತುವಿಗೆ ಅಲ್ಲಿ ಏನಾಯಿತು ಎಂದು ಕೇಳಿಕೊಳ್ಳುವುದು. ಆದದ್ದಕ್ಕೆ ನಮ್ಮವರು ಏನೆನ್ನುತ್ತಾರೋ ಅದನ್ನು ಬರೆಯುವುದು. ಈಗಲೂ ನನ್ನ ಕ್ರಮ ಇಷ್ಟೇ.

ಮಾವಿನ ಪುಟಕ್ಕೆ ಒಂದು ಕಥೆಯಿದೆ. ಪತ್ರಿಕೆ ಬಿಟ್ಟ ಮೇಲೆ ತೋಟಗಾರಿಕೆಯ ಕೈಪಿಡಿಯೊಂದು ಅನುವಾದಕ್ಕೆ ಬಂತು. ಅದರಲ್ಲಿ ‘ಫ್ರೂಟ್ ಸೆಟ್’ ಎಂದಿತ್ತು. ‘ಫಲಧಾರಣೆ’ ಎಂದು ಬರೆದಿಟ್ಟೆ. ತಪ್ಪೇನಲ್ಲ, ಆದರೆ ಮನಸ್ಸಿಗೆ ಒಗ್ಗಲಿಲ್ಲ. ಶ್ರೀನಿವಾಸಪುರದ ಕಡೆ ತೋಟವಿದ್ದ ಪರಿಚಯದ ರೈತರಿಗೆ ಫೋನ್ ಮಾಡಿ, ಹೂವು ಉದುರಿ ಸಣ್ಣ ಪಿಂದೆ ನಿಲ್ಲುತ್ತದಲ್ಲ, ಅದಕ್ಕೇನಂತೀರಿ ಎಂದೆ. ‘ಕಾಯಿ ಕಚ್ಚೋದು ಅಂತೀವಿ ಕಣಮ್ಮ. ಈ ಸಲ ಮೋಡ ಜಾಸ್ತಿ, ಸರಿಯಾಗಿ ಕಚ್ಚಲಿಲ್ಲ’ ಅಂದರು. ಕಚ್ಚುವುದು! ಕೊಂಬೆಯನ್ನು ಬಿಗಿಯಾಗಿ ಹಿಡಿದ ಪುಟ್ಟ ಕಾಯಿ ಕಣ್ಣೆದುರು ಬಂತು. ಕೈಪಿಡಿಯ ಉದ್ದಕ್ಕೂ ‘ಫಲಧಾರಣೆ’ ಹೊಡೆದು ‘ಕಾಯಿ ಕಚ್ಚುವ ಹಂತ’ ಎಂದು ತಿದ್ದಿದೆ.

ಸಿಮೆಂಟಿನದು ತಿರುವುಮುರುವು. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ನೀರು ಬಿದ್ದು 30 ನಿಮಿಷದೊಳಗೆ ಬಿಗಿಯಲು ಶುರುವಾಗಬಾರದು, 600 ನಿಮಿಷ ಮೀರದಂತೆ ಪೂರ್ತಿ ಬಿಗಿಯಬೇಕು ಎನ್ನುತ್ತದೆ ಭಾರತೀಯ ಮಾನಕ. ಬಿಗಿಯುವುದು ಬೇರೆ, ಗಟ್ಟಿಯಾಗುವುದು ಬೇರೆ. ಗಟ್ಟಿಯಾಗುವ ಕೆಲಸ ವಾರಗಟ್ಟಲೆ ನಡೆಯುತ್ತದೆ. ‘ಘನೀಭವನ’ ಎಂದರೆ ಎರಡೂ ಕಲಸಿಹೋಗುತ್ತವೆ. ಮೇಸ್ತ್ರಿಯನ್ನು ಕೇಳಿದರೆ, ‘ಸೆಟ್ ಆಗೋಕೆ ಬಿಡಿ ಮೇಡಂ, ಆಮೇಲೆ ನೀರು ಕಟ್ಟೋಣ’ ಎಂದರು. ಅವರು ಓದಬೇಕಾದ ಪುಸ್ತಕದಲ್ಲಿ ಅವರ ಬಾಯಲ್ಲಿ ಆಗಲೇ ಇರುವ ಪದವನ್ನು ತೆಗೆಯಲು ನನಗೆ ಹಕ್ಕಿಲ್ಲ. ‘ಸೆಟ್ ಆಗುವುದು’ ಎಂದೇ ಉಳಿಸಿದೆ.

ಕೋಳಿ, ಮೂಳೆ, ಉಂಗುರದ ಹರಳು ಈ ಮೂರೂ ಒಂದೇ ಪುಟಕ್ಕೆ ಬಂದ ದಿನ ನನಗಾದ ಸಂತೋಷ ದೊಡ್ಡದು. ಕೋಳಿಯನ್ನು ಕಾವಿಗೆ ಕೂರಿಸುತ್ತೇವೆ, ಮುರಿದ ಮೂಳೆಯನ್ನು ಕೂರಿಸುತ್ತೇವೆ, ಹರಳನ್ನೂ ಕೂರಿಸುತ್ತೇವೆ. ಇಂಗ್ಲಿಷಿನಲ್ಲಿ ಮೂರಕ್ಕೂ ‘ಸೆಟ್’. ಮೂಲ ಹುಡುಕಿದರೆ ಗುಟ್ಟು ತಿಳಿಯುತ್ತದೆ: ಹಳೆಯ ಇಂಗ್ಲಿಷಿನಲ್ಲಿ ‘ಸಿತ್ತನ್’ ಎಂದರೆ ಕೂರು, ‘ಸೆತ್ತನ್’ ಎಂದರೆ ಕೂರಿಸು. ನಾವು ‘ಇಸು’ ಹಚ್ಚಿ ಮಾಡುವ ಕೆಲಸವನ್ನು ಅವರು ಸ್ವರ ಬದಲಿಸಿ ಮಾಡಿದರು. ಸಂಬಂಧವೇ ಇಲ್ಲದ ಎರಡು ನುಡಿಗಳು ಕೋಳಿಯ ಕಾವಿನಲ್ಲಿ ಕೂಡಿದ್ದವು.

ಹಾಗಾದರೆ ಸೆಟ್ ದೋಸೆ? ಅಲ್ಲಿ ಯಾರೂ ಯಾರನ್ನೂ ಕೂರಿಸಿಲ್ಲ. ಗುಂಪು, ಜೊತೆ ಎಂಬ ಅರ್ಥದ ‘ಸೆಟ್’ ಲ್ಯಾಟಿನ್ನಿನ ‘ಸೆಕ್ಟ’ದಿಂದ ಹಳೆಯ ಫ್ರೆಂಚಿನ ಮೂಲಕ ಬಂದದ್ದು, ಪಂಥ ಎಂಬರ್ಥದ ‘ಸೆಕ್ಟ್’ ಅದರ ಒಡಹುಟ್ಟು. ಪಂಪು, ಮೋಟರು ಸೇರಿ ಪಂಪ್‌ಸೆಟ್ಟಾದದ್ದು, ಗಣಿತದಲ್ಲಿ ನಾವು ಗಣ ಎನ್ನುವುದು ಈ ಕವಲಿನವು. ಎರಡು ನದಿಗಳು ಒಂದೇ ಹೆಸರಿನಲ್ಲಿ ಹರಿಯುತ್ತಿವೆ ಎಂದು ಗೊತ್ತಾದ ಮೇಲೆ ನೋಟ್‌ಬುಕ್ಕನ್ನು ಎರಡು ಭಾಗ ಮಾಡಿದೆ.

‘ಸೆಟ್ ಇನ್’ ಪುಟದಲ್ಲಿ ಬಹುಪಾಲು ಕೆಲಸವನ್ನು ‘ಹಿಡಿ’ಯೊಂದೇ ಮಾಡುತ್ತದೆ: ಮಳೆ ಹಿಡಿಯಿತು, ಚಳಿ ಹಿಡಿಯಿತು. ಮುಳುಗುವ ಸೂರ್ಯನಿಗೂ ಹೆಪ್ಪಾಗುವ ಮೊಸರಿಗೂ ನಮ್ಮಲ್ಲಿ ಬೇರೆಬೇರೆ ಮಾತಿದೆ, ಯೋಚಿಸಬೇಕಿಲ್ಲ.

‘ಸೆಟ್ ಇನ್ ಹಿಸ್ ವೇಸ್’ ಎಂಬುದಕ್ಕೆ ಮಾತ್ರ ಇನ್ನೂ ಒದ್ದಾಡುತ್ತಿದ್ದೇನೆ. ‘ಹಟಮಾರಿ’ ಎಂದರೆ ಬೈಗುಳವಾಗುತ್ತದೆ, ‘ಸಂಪ್ರದಾಯಸ್ಥ’ ಎಂದರೆ ದಾರಿಯೇ ಬೇರೆಯಾಗುತ್ತದೆ. ಬೆಳಗಿನ ಕಾಫಿಗೆ ಅದೇ ಲೋಟ, ಕೂರಲು ಅದೇ ಕುರ್ಚಿ ಬೇಕೆನ್ನುವ ನಮ್ಮ ಮಾವನವರಂಥವರ ಮಾತದು. ‘ಹಳೇ ಜಾಡು ಬಿಡದವರು’ ಎಂದು ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ಪೆನ್ನಿನಲ್ಲಿ ಬರೆಯಲು ಇನ್ನೂ ಮನಸ್ಸಾಗಿಲ್ಲ.